ಹಾಸಿನ ಕೆಳಗಿನ ಬಾಕಿ

ನಾವು ಬರಹಗಾರರಲ್ಲ. ಎಸ್.ಎಸ್.ಎಲ್.ಸಿ. ಪಾಸಾದ ಮೇಲೆ ಪೆನ್ನು ಹಿಡಿದದ್ದು ಕಿರ್ದಿ, ಖಾತೆ ಬರೆಯಲಿಕ್ಕೆ ಮಾತ್ರ. ಆದರೂ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ವಾಚಕ ಬಂಧುಗಳ ಮುಂದೆ ಇಡಬೇಕೆಂದು ಬಹಳ ದಿನಗಳಿಂದ ಅನಿಸುತ್ತಿತ್ತು. ಕೆಳಗೆ ಅಂಗಡಿ, ಮೇಲೆ ಸಂಸಾರ ಎಂದು ಹಳೆಯ ಕಟ್ಟಡಗಳಲ್ಲಿ ಬಾಳುವೆ ಮಾಡುವ ಕುಟುಂಬಗಳು ನಮ್ಮ ಸಮಾಜದಲ್ಲಿ ಇನ್ನೂ ಇವೆ. ಅವರಲ್ಲಿ ಒಬ್ಬರಿಗೆ ಉಪಯೋಗವಾದರೂ ಬರೆದದ್ದು ಸಾರ್ಥಕ.

ನಮ್ಮ ತಂದೆಯವರು ಬೆಳಗಾವಿ ಜಿಲ್ಲೆಯವರು. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಯಾಯಿತಷ್ಟೆ. ಅದಾದ ಕೆಲವು ವರ್ಷಗಳಿಗೆ ಅವರು ಬೆಲ್ಲ, ಬೇಳೆಕಾಳಿನ ವ್ಯಾಪಾರಕ್ಕೆಂದು ಘಾಟ್ ಇಳಿದು ಮಡಗಾಂವಿಗೆ ಬಂದರು. ಪೋರ್ಚುಗೀಸರ ಕಾಲದ ಎರಡು ಅಂತಸ್ತಿನ ಕಟ್ಟಡವೊಂದರಲ್ಲಿ ಅಂಗಡಿ ಹಿಡಿದರು. ಕೆಂಪು ಚಿರೇಕಲ್ಲಿನ ದಪ್ಪ ಗೋಡೆ, ಮಂಗಳೂರು ಹಂಚು, ಮೇಲಿನ ಅಂತಸ್ತಿಗೆ ಮರದ ಜಂತಿಗಳ ಮೇಲೆ ಹಲಗೆ ಹೊಡೆದ ನೆಲ. ಇಂಥ ಮಾಳಿಗೆ ಮನೆಗೆ ಇಲ್ಲಿ ‘ಸೊಬ್ರಾದ್’ ಎನ್ನುತ್ತಾರೆ. ಪಣಜಿಯ ಫೊಂತೆಯ್ನ್ಹಾಸ್ ಓಣಿಗಳಲ್ಲಿ ಅಡ್ಡಾಡಿದವರು ಇಂಥ ಮನೆಗಳನ್ನು ನೋಡಿಯೇ ಇರುತ್ತಾರೆ.

ಮೊದಲು ಆ ಮಾಳಿಗೆ ಮನೆಯಾಗಿರಲಿಲ್ಲ, ನಮ್ಮ ಉಗ್ರಾಣವಾಗಿತ್ತು. ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲದ ನಡುಕೋಣೆಯಲ್ಲಿ ಬೆಲ್ಲದ ಪೆಂಟೆಗಳನ್ನು, ಬೇಳೆಯ ಚೀಲಗಳನ್ನು ಆಳೆತ್ತರ ಒಟ್ಟುತ್ತಿದ್ದೆವು. ಹತ್ತಾರು ವರ್ಷ ಆ ಭಾರ ಹೊತ್ತು ನಡುವಿನ ಜಂತಿಗಳು ಬಾಗಿದವು. ಮಳೆಗಾಲದಲ್ಲಿ ಬೆಲ್ಲ ಕರಗಿ ನೀರಾಗಿ ಹಲಗೆಗಳ ಸಂದಿಗೆ ಇಳಿಯುತ್ತಿತ್ತು. ಮುಂದೆ ನಮ್ಮ ಮದುವೆಯಾದ ಮೇಲೆ ಉಗ್ರಾಣ ಬೇರೆ ಕಡೆ ಮಾಡಿ ಮಾಳಿಗೆಯನ್ನು ಮನೆ ಮಾಡಿಕೊಂಡೆವು. ನಮ್ಮ ಮಗ ಚಿಕ್ಕವನಿದ್ದಾಗ ಯಾವ ಗೋಡೆಯ ಹತ್ತಿರ ಗೋಲಿ ಬಿಟ್ಟರೂ ಅದು ತಾನಾಗಿ ಉರುಳಿ ನಡುಕೋಣೆಯ ಮಧ್ಯಕ್ಕೆ ಬಂದು ನಿಲ್ಲುತ್ತಿತ್ತು. ಅವನಿಗೆ ಅದೊಂದು ಆಟ, ನಮಗೆ ಅದೊಂದು ನಗೆ. ನೆಲ ಏನು ಹೇಳುತ್ತಿದೆ ಎಂದು ಯಾರೂ ಕೇಳಲಿಲ್ಲ.

2016ರಲ್ಲಿ ಮಗನ ಮದುವೆ ಗೊತ್ತಾಯಿತು. ಬೀಗರು ಮನೆ ನೋಡಲು ಬರುವವರಿದ್ದರು. ಬಣ್ಣ ಮಾಸಿದ, ಸಂದಿ ಬಿಟ್ಟ, ಅಲ್ಲಲ್ಲಿ ತೇಪೆ ಹಚ್ಚಿದ ನೆಲ ನೋಡಿ ಅವರು ಏನೆಂದಾರು ಎಂಬ ಚಿಂತೆ ನಮಗೆ. ಮೇಲೆ ವಿನೈಲ್ ಹಾಸು ಹಾಸಿಬಿಡೋಣ ಎಂದು ನಿಶ್ಚಯಿಸಿದೆವು. ನಮಗೆ ಪರಿಚಯದ ಒಬ್ಬ ಹಿರಿಯ ಬಡಗಿ ಇದ್ದಾರೆ. ಇಲ್ಲಿ ಬಡಗಿಗೆ ‘ಮೇಸ್ತ’ ಎಂದು ಗೌರವದಿಂದ ಕರೆಯುವ ರೂಢಿ. ಅವರು ಬಂದು, ಕೋಣೆಯ ನಡುವೆ ನಿಂತು, ಹಿಮ್ಮಡಿಯಿಂದ ಎರಡು ಸಲ ನೆಲ ಕುಟ್ಟಿ, “ಸೇಠ್, ಮೊದಲು ಹಲಗೆ ಬಿಚ್ಚಿ ನೋಡಬೇಕು. ಎಂಟು ದಿನದ ಕೆಲಸ” ಎಂದರು. ಮದುವೆ ಮುಗಿಯಲಿ, ಆಮೇಲೆ ನೋಡೋಣ ಎಂದೆವು. ಒಂದೇ ಮಧ್ಯಾಹ್ನದಲ್ಲಿ ಹಾಸು ಹಾಸಿ ಆಯಿತು. ಬೀಗರು ಮೆಚ್ಚಿದರು. ‘ಆಮೇಲೆ’ ಎಂಬುದು ಆರು ವರ್ಷ ಬರಲಿಲ್ಲ.

ವಿನೈಲ್ ಹಾಸು ಎಂದರೆ ಎರಡು ಮಿಲಿಮೀಟರಿನ ವಸ್ತು. ಅದು ಕೆಳಗಿನದನ್ನು ಮುಚ್ಚುತ್ತದೆಯೇ ಹೊರತು ಮರೆಸುವುದಿಲ್ಲ. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆಗಳ ಸಂದಿಗಳು ಮೇಲೆ ಗೆರೆಗೆರೆಯಾಗಿ ಮೂಡಿದವು. ಮೊಳೆಯ ತಲೆಗಳು ಗುಳ್ಳೆಗಳಂತೆ ಕಂಡವು. ಗೋವೆಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮರ ಆ ತಿಂಗಳುಗಳಲ್ಲಿ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಪಶ್ಚಿಮದ ಗೋಡೆಯ ಕಡೆ ಒಂದು ಹಲಗೆ ಪ್ರತಿ ಶ್ರಾವಣದಲ್ಲಿ ಉಬ್ಬಿ, ಪ್ರತಿ ಮಾಘದಲ್ಲಿ ಇಳಿಯುತ್ತಿತ್ತು. ಹಾಗೆ ಏರಿಳಿದು ನಾಲ್ಕನೆಯ ವರ್ಷ ಅಲ್ಲಿ ಹಾಸು ಸೀಳಿತು. ಆಗಲಾದರೂ ಎಚ್ಚರಾಗಬೇಕಿತ್ತು. ನಾವು ಮಾಡಿದ್ದೇನು? ಸೀಳಿದ ಜಾಗದ ಮೇಲೆ ಒಂದು ಸಣ್ಣ ಜಮಖಾನೆ ಹಾಸಿದೆವು. ಮುಚ್ಚಿದ್ದರ ಮೇಲೆ ಮತ್ತೊಂದು ಮುಚ್ಚಳ.

2022ರ ಆಗಸ್ಟ್. ಎಂಟು ದಿನದಿಂದ ಜಡಿಮಳೆ. ನಮ್ಮ ಮನೆಯಲ್ಲಿ ಸೂರ್ಯಾಸ್ತದೊಳಗೆ ಊಟ ಮುಗಿಸುವ ನೇಮ. ಮೋಡ ಕವಿದ ದಿನ ಹೊತ್ತು ತಿಳಿಯುವುದಿಲ್ಲ. ತಡವಾಯಿತೆಂದು ನಮ್ಮ ಮನೆಯವರು ಅವಸರದಿಂದ ತಾಟು ಹಿಡಿದು ನಡುಕೋಣೆ ದಾಟಿ ಬರುತ್ತಿದ್ದರು. ಜಮಖಾನೆಯ ಕೆಳಗಿನ ಉಬ್ಬು ಕಾಲಿಗೆ ತಗುಲಿತು. ತಾಟಿನ ಸಪ್ಪಳ, ಅದರ ಬೆನ್ನಿಗೇ ಅವರ ಕೂಗು. ಬಲಗೈ ಮಣಿಕಟ್ಟಿನ ಎಲುಬು ಮುರಿದಿತ್ತು. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾವು ಲೆಕ್ಕ ಹಾಕಿದೆವು: ಆರು ವರ್ಷದ ಹಿಂದೆ ಉಳಿಸಿದ್ದು ಎಂಟು ದಿನ.

ಮರುದಿನ ಅವರು ಕೋಪದಿಂದೇನೂ ಅಲ್ಲ, ಸಹಜವಾಗಿಯೇ ಕೇಳಿದರು: “ದೀಪಾವಳಿಗೆ ಹೊಸಾ ಪುಸ್ತಕ ಪೂಜಾ ಮಾಡೂಮುಂದ ಹಳೇ ಬಾಕಿ ಒಂದೂ ಬಿಡದ ಮುಂದ ತರ್ತೀರಿ. ಮನೀ ಲೆಕ್ಕದಾಗ ಯಾಕ ಬಿಟ್ರಿ?” ಉತ್ತರ ಕೊಡಲಾಗಲಿಲ್ಲ. ಆ ವರ್ಷದ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ನಾವು ಅವರೆದುರು ಕೈ ಮುಗಿದು ‘ಉತ್ತಮ ಕ್ಷಮಾ’ ಎಂದೆವು. ಪ್ರತಿವರ್ಷ ಹೇಳುವ ಮಾತೇ, ಆದರೆ ಆ ದಿನ ಗಂಟಲು ಕಟ್ಟಿತು. ಅವರಿಗೆ ತಿರುಗಿ ಕೈ ಮುಗಿಯಲು ಬರಲಿಲ್ಲ. ಒಂದು ಕೈ ಪ್ಲಾಸ್ಟರಿನಲ್ಲಿತ್ತು.

ಮೇಸ್ತರಿಗೆ ಹೇಳಿ ಕಳುಹಿಸಿದೆವು. “ಈಗ ಬೇಡ. ಮರ ನೀರು ಕುಡಿದಿದೆ. ಈಗ ಮುಚ್ಚಿದರೆ ಆ ನೀರನ್ನೂ ಒಳಗೇ ಮುಚ್ಚಿದ ಹಾಗೆ. ಈಗ ಹಾಸು ತೆಗೆದಿಡಿ, ಫೆಬ್ರುವರಿಗೆ ಬರುತ್ತೇನೆ” ಎಂದರು. ಹಾಸು ಎತ್ತಿದಾಗ ಮುಗ್ಗಲು ವಾಸನೆ ಬಡಿಯಿತು. ಹಲಗೆಯ ಮೈ ಕಪ್ಪಾಗಿತ್ತು. ವಿನೈಲಿನ ಮೂಲಕ ಗಾಳಿ, ತೇವ ಯಾವುದೂ ಆಡುವುದಿಲ್ಲ. ಮರ ಬಿಟ್ಟ ಉಸಿರು ಅಲ್ಲೇ ನಿಂತಿತ್ತು.

ಇಲ್ಲಿ ಒಂದು ಮಾತು. ನಮ್ಮ ಮಗ ಓದಿ ತಿಳಿಸಿದ್ದು. ವಿನೈಲಿಗಿಂತ ಮೊದಲು ‘ಲಿನೋಲಿಯಂ’ ಎಂಬ ಹಾಸು ಇತ್ತು. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1863ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದರ ಮುಖ್ಯ ವಸ್ತು ಅಗಸೆ ಎಣ್ಣೆ. ನಮ್ಮ ಉತ್ತರ ಕರ್ನಾಟಕದ ಹೊಲಗಳ ಅಗಸೆ, ನಾವು ರೊಟ್ಟಿಯ ಜೊತೆ ಹಿಂಡಿ ಮಾಡಿ ತಿನ್ನುವ ಅದೇ ಅಗಸೆ! ಆಮೇಲೆ 1926ರಲ್ಲಿ ಅಮೇರಿಕದ ವಾಲ್ಡೊ ಸೆಮನ್ ಪಿ.ವಿ.ಸಿ.ಯನ್ನು ಮೆದುವಾಗಿಸುವ ಬಗೆ ಕಂಡುಹಿಡಿದ ಮೇಲೆ ವಿನೈಲಿನ ದಾರಿ ತೆರೆಯಿತು. ಅಗ್ಗ, ತೊಳೆಯಲು ಸುಲಭ. ಅಗಸೆಯದಾಗಲಿ ಪ್ಲಾಸ್ಟಿಕ್ಕಿನದಾಗಲಿ, ಈ ಹಾಸುಗಳಿಗೆ ಸ್ವಂತ ಬೆನ್ನೆಲುಬಿಲ್ಲ. ಕೆಳಗಿನ ನೆಲ ಹೇಗೋ ಅವು ಹಾಗೆ.

2023ರ ಫೆಬ್ರುವರಿಯಲ್ಲಿ ಕೆಲಸ ಹಿಡಿದೆವು. ಮೊದಲನೆಯ ತೊಡಕು ಇರುವೆಗಳದು. ಬೆಲ್ಲ ಇಳಿದು ಅಂಟಾದ ಸಂದಿಗಳಲ್ಲಿ ಅವುಗಳ ಸಂಸಾರವೇ ಇತ್ತು. ಕೆಲಸದ ಹುಡುಗ ಬಿಸಿನೀರು ತರುತ್ತೇನೆಂದ. ನಮ್ಮ ಮನೆಯವರು ತಡೆದರು. ಹಿಂದಿನ ಗ್ಯಾಲರಿಯ ಮೂಲೆಯಲ್ಲಿ ಒಂದು ಹೆಂಟೆ ಬೆಲ್ಲ ಇಟ್ಟು ನಾಲ್ಕು ದಿನ ಕಾದೆವು. ದಿನವೂ ಸಂದಿಗಳನ್ನು ಮೆತ್ತನೆಯ ಬ್ರಷ್ಷಿನಿಂದ ಸ್ವಲ್ಪ ಸ್ವಲ್ಪವೇ ಕೆದರಿದೆವು. ಬಹುಪಾಲು ಸಾಲುಗಟ್ಟಿ ಹೊರಟುಹೋದವು. ಮೇಸ್ತರು ನಗುತ್ತಲೇ ಕಾದರು, ಕಾದ ದಿನಗಳಿಗೆ ಕೂಲಿ ಕೇಳಲಿಲ್ಲ, ನಾವು ಕೊಟ್ಟೆವು.

ಎರಡನೆಯದು ದೊಡ್ಡದು. ಹಲಗೆಗಳಿಗೆ ಸುಣ್ಣದ ಕಡ್ಡಿಯಿಂದ ಅಂಕಿ ಬರೆದು ಒಂದೊಂದಾಗಿ ಎತ್ತಿದರು. ಕೆಳಗಿನ ಅಂಗಡಿಯ ಮಾಲಿಗೆಲ್ಲ ತಾಡಪತ್ರಿ ಮುಚ್ಚಿ ಮೂರು ದಿನ ಬಾಗಿಲು ಹಾಕಿದೆವು. ಪಶ್ಚಿಮದ ಗೋಡೆಯೊಳಗೆ ಹೋಗುವ ಒಂದು ಜಂತಿಯ ತುದಿ ಬೆರಳಿನಿಂದ ಒತ್ತಿದರೆ ಒಳಗಿಳಿಯಿತು. ಗೋಡೆಗುಂಟ ಮಣ್ಣಿನ ಸಣ್ಣ ಕೊಳವೆಗಳು. ಗೆದ್ದಲು. ಕೊಳೆತ ತುದಿಯಲ್ಲಿ ಮೊಳೆ ಹಿಡಿತ ಬಿಟ್ಟಿತ್ತು, ಅದಕ್ಕೇ ಹಲಗೆ ಉಬ್ಬುತ್ತಿತ್ತು. ಇನ್ನೆರಡು ಮಳೆಗಾಲ ಬಿಟ್ಟಿದ್ದರೆ ಜಂತಿಯೇ ಗೋಡೆಯಿಂದ ಜಾರುತ್ತಿತ್ತು ಎಂದರು ಮೇಸ್ತರು. ಅದರ ಕೆಳಗೆ ನಮ್ಮ ಗಲ್ಲಾಪೆಟ್ಟಿಗೆ, ಅದರ ಮೇಲೆ ಮೊಮ್ಮಗಳ ತೊಟ್ಟಿಲು.

ವಿಷ ಹೊಡೆಸಬೇಕೆಂದು ಮಗ ಹಟ ಹಿಡಿದ. ಅವನದೂ ತಪ್ಪಲ್ಲ, ತೊಟ್ಟಿಲು ಅವನ ಮಗಳದು. ನಮ್ಮ ಮನೆಯವರು ಬೇಡವೆಂದರು. ಎರಡು ದಿನ ಮನೆಯಲ್ಲಿ ಮಾತು ಬಿರುಸಾಗಿಯೇ ನಡೆಯಿತು. ಗೃಹಸ್ಥನ ಹಿಂಸೆಯನ್ನು ನಮ್ಮ ಹಿರಿಯರು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಮನೆಗೆಲಸದಲ್ಲಿ ಆಗಿಹೋಗುವುದು ಬೇರೆ, ಕೊಲ್ಲಲೆಂದೇ ಕೊಲ್ಲುವುದು ಬೇರೆ. ಕೊನೆಗೆ ದಾರಿ ತೋರಿಸಿದವರು ಮೇಸ್ತರೇ. “ಗೆದ್ದಲು ಬಂದದ್ದು ಮರಕ್ಕಲ್ಲ ಸೇಠ್, ನೀರಿಗೆ. ನೀರು ಎಲ್ಲಿಂದ ಬರುತ್ತದೆ ನೋಡೋಣ” ಎಂದು ಹಂಚು ಹತ್ತಿದರು. ಸೂರಿನ ತಗಡಿನ ದೋಣಿ ತೂತು ಬಿದ್ದು ಎಷ್ಟೋ ವರ್ಷಗಳಿಂದ ಗೋಡೆಯೊಳಗೆ ನೀರಿಳಿಯುತ್ತಿತ್ತು. ನೆಲದ ಗೆದ್ದಲಿಗೆ ತೇವ ಬೇಕೇ ಬೇಕು. ದೋಣಿ ಬದಲಾಯಿಸಿ, ಕೊಳೆತ ಒಂದೂವರೆ ಅಡಿ ತುದಿಯನ್ನು ಕತ್ತರಿಸಿ, ಅದನ್ನು ಸುಡದೆ ಹಿತ್ತಿಲಿನ ಹಳೆಯ ಬೊಡ್ಡೆಯ ಪಕ್ಕ ನೆರಳಿನಲ್ಲಿ ಇಡಿಸಿದೆವು. ಗೋಡೆ ಒಣಗಲು ಮೂರು ವಾರ ಬಿಟ್ಟೆವು. ಹಿಂಸೆಯೇ ಆಗಲಿಲ್ಲ ಎಂದು ಹೇಳುವ ಧೈರ್ಯ ನಮಗಿಲ್ಲ. ಬೇಕೆಂದು ಮಾಡಲಿಲ್ಲ, ಇಷ್ಟೇ. ಮೊದಲೇ ದೋಣಿ ನೋಡಿಕೊಂಡಿದ್ದರೆ ಅಷ್ಟೂ ಆಗುತ್ತಿರಲಿಲ್ಲ. ಮಗನ ಸಮಾಧಾನಕ್ಕೆ ಒಂದು ಕರಾರು ಮಾಡಿಕೊಂಡೆವು: ವರ್ಷಕ್ಕೆ ಎರಡು ಸಲ ಅಂಗಡಿಯೊಳಗಿಂದ ಟಾರ್ಚು ಹಿಡಿದು ಜಂತಿಗಳ ತುದಿ ನೋಡುವುದು. ಆ ಕಾರಣಕ್ಕೇ ಅಂಗಡಿಗೆ ಹುಸಿ ಚಾವಣಿ ಮಾಡಿಸುವ ಅವನ ಆಸೆಯನ್ನು ಬಿಡಿಸಿದೆವು. ಮೇಲಿನಿಂದ ವಿನೈಲ್ ಮುಚ್ಚಿದ ಮರಕ್ಕೆ ಕೆಳಗಿನಿಂದಲಾದರೂ ಗಾಳಿ ಬೇಕು.

ಇನ್ನು ಕೆಲಸದ ಕ್ರಮವನ್ನು ಹೇಳುತ್ತೇವೆ. ಮಾಡಿಸುವವರಿಗೆ ಬೇಕಾದೀತು.

ಕೊಳೆತ ಜಂತಿಗೆ ಅಂಗಡಿಯೊಳಗಿಂದ ಕಂಬ ಕೊಟ್ಟು ನಿಲ್ಲಿಸಿ, ಎರಡೂ ಮಗ್ಗುಲಿಗೆ ಮತ್ತಿ ಮರದ ಹೊಸ ತುಂಡುಗಳನ್ನು ಬೋಲ್ಟಿನಿಂದ ಬಿಗಿದರು. ಮತ್ತಿ ಗಟ್ಟಿ ಮರ. ಗೋಡೆಯೊಳಗೆ ಹೋಗುವ ತುದಿಯ ಕೆಳಗೆ ಕಲ್ಲಿನ ಚಪ್ಪಡಿ ಇಟ್ಟು, ಸುತ್ತಲೂ ಬೆರಳಷ್ಟು ಗಾಳಿಗೆ ಜಾಗ ಬಿಟ್ಟರು. ಗಾರೆ ತುಂಬಿ ಬಿಗಿಯಲಿಲ್ಲ.

ಆಮೇಲೆ ಮಟ್ಟ. ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ರಸಮಟ್ಟ ಇಟ್ಟು ಅಳೆದರೆ ಕೋಣೆಯ ನಡುವೆ 18 ಮಿಲಿಮೀಟರ್ ತಗ್ಗು. ನಮ್ಮ ಬೆಲ್ಲದ ಪೆಂಟೆಗಳ ಗುರುತು! ಅಂಗಡಿಯವರೊಬ್ಬರು, ಸಿಮೆಂಟಿನ ತೆಳು ಗಾರೆ ಸುರಿದರೆ ತಾನೇ ಮಟ್ಟವಾಗುತ್ತದೆ ಎಂದಿದ್ದರು. ಮೇಸ್ತರು ಒಪ್ಪಲಿಲ್ಲ. ಹಲಗೆಯ ನೆಲ ನಡೆದಾಗ ಅಲುಗುತ್ತದೆ, ಸಿಮೆಂಟು ಅಲುಗುವುದಿಲ್ಲ, ಒಡೆಯುತ್ತದೆ. ಸಂದಿಗಳಲ್ಲಿ ಸೋರಿ ಕೆಳಗಿನ ಅಂಗಡಿಗೆ ಬೀಳುತ್ತದೆ, ಬಾಗಿದ ಜಂತಿಗೆ ಭಾರವೂ ಹೆಚ್ಚು. ಅದರ ಬದಲು ಪ್ರತಿ ಜಂತಿಯ ಮೇಲೆ ಒಂದು ಮರದ ಪಟ್ಟಿ ಕೂಡಿಸಿದರು. ನಡುವೆ 18 ಮಿಲಿಮೀಟರ್ ದಪ್ಪ, ಗೋಡೆಯ ಕಡೆಗೆ ಹೋಗುತ್ತ ತೆಳುವಾಗಿ ಕೊನೆಗೆ ಏನೂ ಇಲ್ಲ. ಕೀಸುಳಿಯಿಂದ ಒಂದೊಂದು ಪಟ್ಟಿಯನ್ನೂ ಅಳೆದು ಇಳಿಸಿದ ಆ ಕೈಚಳಕ ನೋಡುತ್ತ ಕುಳಿತುಕೊಳ್ಳುವಂತಿತ್ತು.

ಹಲಗೆಗಳನ್ನು ಅಂಕಿಯ ಪ್ರಕಾರ ತಿರುಗಿ ಜೋಡಿಸಿ, ಈ ಸಲ ಮೊಳೆಯ ಬದಲು ಸ್ಕ್ರೂ ಹಾಕಿದರು. ಮೊಳೆ ಕಾಲಕ್ರಮದಲ್ಲಿ ಮೇಲೇಳುತ್ತದೆ, ಸ್ಕ್ರೂ ಹಿಡಿದುಕೊಳ್ಳುತ್ತದೆ. ಕೀಳಲು ಬಾರದ ಹಳೆಯ ಮೊಳೆಗಳ ತಲೆಯನ್ನು ಮರದೊಳಗೆ ಇಳಿಸಿದರು. ಅಂಚು ಎದ್ದ ಹಲಗೆಗಳನ್ನು ಕೀಸಿದರು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಆ ಧೂಳು ಮಕ್ಕಳಿಗೆ ಕೆಡುಕು. ಆದ್ದರಿಂದ ಆ ಎರಡು ದಿನ ಸೊಸೆ, ಮೊಮ್ಮಗಳು ಬೆಳಗಾವಿಯಲ್ಲಿದ್ದರು. ಆಳುಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒದ್ದೆ ಮಾಡಿ ಉಜ್ಜಿದರು.

ಅದರ ಮೇಲೆ ಪ್ಲೈವುಡ್. 6 ಮಿಲಿಮೀಟರಿನದು, ನೀರು ತಡೆಯುವ ಐ.ಎಸ್. 710 ಮುದ್ರೆಯದು. ತಂದ ಕೂಡಲೆ ಹೊಡೆಯಲಿಲ್ಲ. ಎರಡು ದಿನ ಅದೇ ಕೋಣೆಯಲ್ಲಿ ಗಾಳಿಯಾಡುವಂತೆ ನಿಲ್ಲಿಸಿದರು. ಊರಿನ ಹವೆಗೆ ಅದೂ ಹೊಂದಿಕೊಳ್ಳಬೇಕು. ಹಲಗೆಗಳ ಸಂದಿಯ ನೇರಕ್ಕೆ ಪ್ಲೈವುಡ್ಡಿನ ಸಂದಿ ಬರದಂತೆ, ಇಟ್ಟಂಗಿ ಗೋಡೆಯ ಹಾಗೆ ಸಾಲು ತಪ್ಪಿಸಿ ಜೋಡಿಸಿದರು. ಒಂದಕ್ಕೊಂದು ನಡುವೆ ಕೂದಲೆಳೆಯಷ್ಟು, ಗೋಡೆಗುಂಟ 6 ಮಿಲಿಮೀಟರ್ ಸಂದಿ ಬಿಟ್ಟರು. ಅಂಚಿಗೆ ನಾಲ್ಕು ಇಂಚಿಗೊಂದು, ಒಳಗೆ ಆರು ಇಂಚಿಗೊಂದು ಸ್ಕ್ರೂ. 216 ಚದರಡಿಗೆ ಸಾವಿರದ ಇನ್ನೂರಕ್ಕೂ ಮೇಲೆ ಸ್ಕ್ರೂ ಹೋದವು. ವ್ಯಾಪಾರಿಯ ಕಣ್ಣು, ನಾವು ಎಣಿಸಿದ್ದೇವೆ. ಪ್ರತಿ ತಲೆಯ ಮೇಲೂ ಪುಟ್ಟಿ ಹಚ್ಚಿ, ಪಾಲಿಶ್ ಕಾಗದದಿಂದ ಉಜ್ಜಿದರು. ಕೊನೆಗೆ ಮೇಸ್ತರು ದೀಪವಾರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡ ಬೆಳಕು ಬಿಟ್ಟರು. ಕಣ್ಣಿಗೆ ಕಾಣದ ಉಬ್ಬುಗಳೆಲ್ಲ ನೆರಳಾಗಿ ಕಂಡವು. ಮತ್ತೆ ಉಜ್ಜಿದರು. ಆರು ಅಡಿಯ ನೇರ ಪಟ್ಟಿಯನ್ನು ಯಾವ ದಿಕ್ಕಿಗೆ ಇಟ್ಟರೂ ಕೆಳಗೆ ಒಂದು ರೂಪಾಯಿ ನಾಣ್ಯ ತೂರಬಾರದು, ಇದು ಅವರ ಪರೀಕ್ಷೆ.

ಹೊಸ ಹಾಸನ್ನು ಒಂದು ದಿನ ಮೊದಲೇ ಕೋಣೆಯಲ್ಲಿ ಬಿಚ್ಚಿ ಹರವಿದೆವು. ಸುರುಳಿಯ ಮಡಿಕೆಗಳು ತಾವಾಗಿ ಬಿಟ್ಟುಕೊಂಡವು. ನೆಲ ಎತ್ತರವಾದ್ದರಿಂದ ಬಾಗಿಲಿನ ಕೆಳ ಅಂಚನ್ನು ಕೀಸಬೇಕಾಯಿತು. ಮೆಟ್ಟಿಲಿನ ತುದಿಯಲ್ಲಿ ಎಡವದಂತೆ ಇಳಿಜಾರು ಪಟ್ಟಿ ಹೊಡೆಸಿದೆವು. ಇನ್ನೊಂದು ಎಚ್ಚರಿಕೆ: ರಬ್ಬರಿನ ತಳದ ಕಾಲೊರಸು ವಿನೈಲಿನ ಮೇಲೆ ಹಾಕಬೇಡಿ, ಹಳದಿ ಕಲೆ ಬೀಳುತ್ತದೆ, ತೊಳೆದರೆ ಹೋಗುವುದಿಲ್ಲ.

ಕೆಲಸ ಮುಗಿದಾಗ ಮೇಸ್ತರು ಪಕ್ಕದ ಚಿಕ್ಕ ಕೋಣೆಯ ನೆಲ ತೋರಿಸಿ, “ಇದನ್ನು ಮಾತ್ರ ಮುಚ್ಚಬೇಡಿ. ಭಾರ ಹೊತ್ತಿಲ್ಲ, ಸಾಗುವಾನಿ ಇನ್ನೂ ಚೆನ್ನಾಗಿದೆ” ಎಂದರು. ಅಲ್ಲಿ ಎಣ್ಣೆ ಹಚ್ಚಿ ಹಲಗೆಯನ್ನು ಹಾಗೆಯೇ ಬಿಟ್ಟಿದ್ದೇವೆ. ಮುಚ್ಚಬೇಕಾದ್ದು ಯಾವುದು, ಬೇಡವಾದದ್ದು ಯಾವುದು ಎಂಬುದೂ ಬಿಚ್ಚಿ ನೋಡಿದ ಮೇಲೆಯೇ ತಿಳಿಯುವುದು.

2023, 2024ರ ಎರಡೂ ಮಳೆಗಾಲಗಳನ್ನು ಆ ನೆಲ ಒಂದು ಗೆರೆಯೂ ಮೂಡದೆ ದಾಟಿತು. ಹೊಸ ಹಾಸಿನ ಬೆಲೆಗಿಂತ ಕೆಳಗಿನ ಕೆಲಸಕ್ಕೆ ನಾಲ್ಕು ಪಟ್ಟು ಖರ್ಚಾಯಿತು, ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಬಂದವರು ಹಾಸಿನ ಬಣ್ಣವನ್ನಷ್ಟೇ ಹೊಗಳುತ್ತಾರೆ. ಮನೆಯವರ ಕೈ ಕೂಡಿಕೊಂಡಿದೆ. ಮಳೆ ಬಂದಾಗ ಸ್ವಲ್ಪ ನೋಯುತ್ತದೆಂದು ಹೇಳುತ್ತಾರೆ. ಆ ಬಾಕಿ ಮಾತ್ರ ನಮ್ಮ ಹೆಸರಿನಲ್ಲಿ ಉಳಿದಿದೆ.

ಮೊನ್ನೆ ಮೊಮ್ಮಗಳು ಗೋಲಿ ತಂದು ನಡುಕೋಣೆಯಲ್ಲಿ ಬಿಟ್ಟಳು. ಅದು ಬಿಟ್ಟಲ್ಲೇ ನಿಂತಿತು. “ಅಜ್ಜಾ, ಇದು ಓಡೂದೇ ಇಲ್ಲ!” ಎಂದು ದೂರು ತಂದಳು. ನಮ್ಮ ಮನೆಯವರು ಅಡಿಗೆಮನೆಯಿಂದಲೇ ನಕ್ಕರು.